ಗಿಡ್ಡ ಗಾರ್ಡಿನ ಲೆಕ್ಕ

ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ರಿಂಗು ನೆಲದಿಂದ ಸರಿಯಾಗಿ 10 ಅಡಿ ಮೇಲಿರುತ್ತದೆ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ತರಬೇತಿ ಶಾಲೆಯ ಮೇಷ್ಟ್ರು ಜೇಮ್ಸ್ ನೈಸ್ಮಿತ್ ಅವರು ಪೀಚ್ ಹಣ್ಣಿನ ಬುಟ್ಟಿಗಳನ್ನು ಜಿಮ್ನಾಸಿಯಂನ ಬಾಲ್ಕನಿಗೆ ಕಟ್ಟಿಸಿದಾಗ ಆ ಬಾಲ್ಕನಿ ಇದ್ದದ್ದು ಅಷ್ಟು ಎತ್ತರದಲ್ಲಿ. ಆಮೇಲೆ ನಿಯಮಗಳು ಎಷ್ಟೋ ಸಲ ತಿದ್ದುಪಡಿಯಾದವು, ಆಡುವವರು ಉದ್ದವಾಗುತ್ತ ಹೋದರು, ರಿಂಗು ಮಾತ್ರ ಇದ್ದಲ್ಲೇ ಇದೆ. ಇವತ್ತು ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಆಟಗಾರನ ಸರಾಸರಿ ಎತ್ತರ ಸುಮಾರು ಆರೂವರೆ ಅಡಿ. ಅಲ್ಲಿ 6 ಅಡಿಯ ಮನುಷ್ಯ ಕುಳ್ಳ. ಐದೂಮುಕ್ಕಾಲು ಅಡಿಯವನನ್ನು ಕಂಡರೆ ಟಿಕೆಟ್ ಕೊಂಡು ಬಂದ ಪ್ರೇಕ್ಷಕ ಅಂದುಕೊಳ್ಳಬೇಕು.

ಕ್ರಿಕೆಟಿನಲ್ಲಿ ಈ ಪಾಡು ಇಲ್ಲ. ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ತಮ್ಮ ಮೊದಲ ಟೆಸ್ಟಿನಲ್ಲೇ ಆಸ್ಟ್ರೇಲಿಯಾದ ಮೇಲೆ 137 ಹೊಡೆದರಲ್ಲ, ಉದ್ದದ ಬ್ಯಾಟ್ಸ್‌ಮನ್‌ಗೆ ಸೊಂಟದ ಮಟ್ಟಕ್ಕೆ ಬರುವ ಚೆಂಡು ಅವರ ಎದೆಯ ಮಟ್ಟಕ್ಕೆ ಬರುತ್ತಿತ್ತು, ಅವರಿಗೆ ಅದೇ ಸ್ಕ್ವೇರ್ ಕಟ್‌ಗೆ ಕರೆ. ಬ್ಯಾಸ್ಕೆಟ್‌ಬಾಲಿನಲ್ಲಿ ಹಾಗಲ್ಲ. ನಿಮಗೂ ಬುಟ್ಟಿಗೂ ನಡುವೆ ಒಬ್ಬ ಮನುಷ್ಯ ಕೈಯೆತ್ತಿ ನಿಂತಿರುತ್ತಾನೆ.

ಆದರೂ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನಲ್ಲಿ ಪ್ರತಿ ವರ್ಷವೂ ಅಂಥ ಕುಳ್ಳ ಹುಡುಗರು ಕಾಣಿಸಿಕೊಳ್ಳುತ್ತಾರೆ. ಬಹುಪಾಲು ಅವರು ಆಡುವ ಜಾಗ ಪಾಯಿಂಟ್ ಗಾರ್ಡ್‌ನದು. ಚೆಂಡನ್ನು ಅಂಗಳದ ಈ ತುದಿಯಿಂದ ಆ ತುದಿಗೆ ತರುವವನು, ಉಳಿದ ನಾಲ್ವರು ಎಲ್ಲಿ ನಿಲ್ಲಬೇಕೆಂದು ಹೇಳುವವನು, 30 ಸೆಕೆಂಡಿನ ಗಡಿಯಾರ ಮುಗಿಯುವುದರೊಳಗೆ ತಂಡಕ್ಕೆ ಒಂದು ಒಳ್ಳೆಯ ಎಸೆತ ಒದಗಿಸುವವನು ಅವನೇ. ಇಂಥ ಒಬ್ಬ ಗಿಡ್ಡ ಗಾರ್ಡ್‌ನ ಕಸುಬನ್ನು ಅಳೆಯುವುದು ಹೇಗೆ? ಇವತ್ತಿನ ಮಾತು ಅದರ ಬಗ್ಗೆ. ಸುಮ್ಮನೆ ಸೂತ್ರ ಹೇಳಿದರೆ ಗಾಳಿಮಾತಾಗುತ್ತದೆ, ಒಬ್ಬ ಆಟಗಾರನನ್ನು ಮುಂದಿಟ್ಟುಕೊಂಡೇ ನೋಡೋಣ.

ಅವನ ಹೆಸರು ಮಾರ್ಕ್ವಿಸ್ ನೊವೆಲ್. ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಹುಡುಗ. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದ ತಂಡದ ಪಟ್ಟಿಯಲ್ಲಿ ಅವನ ಎತ್ತರ 5 ಅಡಿ 8 ಇಂಚು. ಕಾಲೇಜಿನ ಪಟ್ಟಿಗಳು ಈ ವಿಷಯದಲ್ಲಿ ಉದಾರಿಗಳು, ಒಂದಿಂಚು ಹೆಚ್ಚಿಗೆ ಬರೆಯಲು ಹಿಂದೆಮುಂದೆ ನೋಡುವುದಿಲ್ಲ. ಎನ್‌ಬಿಎ ಕೂಡ ತನ್ನ ತಂಡಗಳಿಗೆ ಶೂ ಬಿಚ್ಚಿಸಿ ಅಳೆದೇ ಎತ್ತರ ಬರೆಯಿರಿ ಎಂದು ಕಟ್ಟುನಿಟ್ಟು ಮಾಡಿದ್ದು 2019ರಲ್ಲಿ. ನೊವೆಲ್ ಮೊದಲು ಲಿಟಲ್ ರಾಕ್ ಎಂಬ ಸಣ್ಣ ತಂಡದ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ಆಡಿ, 2021ರಲ್ಲಿ ಕಾನ್ಸಾಸ್ ಸ್ಟೇಟ್‌ಗೆ ಬಂದ. ಮರುವರ್ಷ ಕೋಚ್ ಬದಲಾದರು. ಹೊಸ ಕೋಚ್ ಜೆರೋಮ್ ಟ್ಯಾಂಗ್ ಬಂದು ನೋಡಿದರೆ ಹಳೆಯ ತಂಡದಲ್ಲಿ ಉಳಿದಿದ್ದವರು ಇಬ್ಬರೇ. ಒಬ್ಬ ಇಸ್ಮಾಯಿಲ್ ಮಸೂದ್, ಇನ್ನೊಬ್ಬ ಈ ನೊವೆಲ್. ಆ ಋತುವಿಗೆ ಮುಂಚೆ, ಆ ತಂಡ ಆಡುವ ಬಿಗ್ 12 ಲೀಗಿನ ಕೋಚ್‌ಗಳು ಊಹಿಸಿ ಕಾನ್ಸಾಸ್ ಸ್ಟೇಟ್‌ಗೆ ಕೊಟ್ಟ ಜಾಗ ಕೊಟ್ಟಕೊನೆಯದು. ಋತು ಮುಗಿದಾಗ ಆ ತಂಡ ರಾಷ್ಟ್ರೀಯ ಟೂರ್ನಿಯ ಕೊನೆಯ ಎಂಟರಲ್ಲಿತ್ತು.

ಅದೇ ಟೂರ್ನಿ, 2023ರ ಮಾರ್ಚ್ 23. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಅಂದರೆ ನೊವೆಲ್‌ನ ಊರಿನದೇ ಅಂಗಳ. ಎದುರಾಳಿ ಟಾಮ್ ಇಝೋ ಪಳಗಿಸಿದ ಮಿಷಿಗನ್ ಸ್ಟೇಟ್. ಎರಡನೆಯ ಅರ್ಧದಲ್ಲಿ ನೊವೆಲ್‌ನ ಕಾಲಿನ ಹರಡು ಉಳುಕಿತು. ಪಟ್ಟಿ ಬಿಗಿಸಿಕೊಂಡು ಮತ್ತೆ ಇಳಿದ. ಪಂದ್ಯ 82-82ಕ್ಕೆ ನಿಂತು ಹೆಚ್ಚುವರಿ ಸಮಯಕ್ಕೆ ಹೋಯಿತು. ಅಲ್ಲೂ 92-92ರ ಸಮ. ಇನ್ನೊಂದು ನಿಮಿಷವೂ ಉಳಿದಿಲ್ಲ. ಆಗ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಕಣ್ಣಮುಂದೆ ತಂದುಕೊಳ್ಳಿ.

ನೊವೆಲ್ ಚೆಂಡು ಕುಟ್ಟುತ್ತ ಮಧ್ಯದ ಗೆರೆ ದಾಟಿ ಬಂದ. ಅಂಚಿನಲ್ಲಿ ನಿಂತಿದ್ದ ಕೋಚ್ ಟ್ಯಾಂಗ್ ಏನೋ ಹೇಳಿದರು. ಇವನು ಅವರ ಕಡೆ ತಿರುಗಿ ಎದುರುತ್ತರ ಕೊಡುತ್ತಿದ್ದ ಹಾಗೆ ಕಂಡಿತು. ಇನ್ನು ಯಾವ ಆಟವೂ ಶುರುವಾಗಿಲ್ಲ ಎಂದು ಮಿಷಿಗನ್ ಸ್ಟೇಟ್‌ನವರಿಗೆ ಅನ್ನಿಸಿರಬೇಕು. ನೊವೆಲ್‌ನ ಜೊತೆಗಾರ ಕಿಯಾಂಟೇ ಜಾನ್ಸನ್‌ನನ್ನು ಕಾಯುತ್ತಿದ್ದವನು ಅವನಿಗೆ ಪಾಸ್ ಸಿಗದಂತೆ ಮುಂದೆ ಬಂದು ನಿಂತಿದ್ದ, ಬೆನ್ನ ಹಿಂದೆ ಬಯಲು ಬಿಟ್ಟಿದ್ದ. ಜಾನ್ಸನ್ ಆ ಬಯಲಿಗೆ ನುಗ್ಗಿದ. ನೊವೆಲ್ ಚೆಂಡನ್ನು ಎಲ್ಲರ ತಲೆಯ ಮೇಲೆ ತೇಲಿಸಿ ರಿಂಗಿನ ಪಕ್ಕಕ್ಕೆ ಬಿಟ್ಟ. ಜಾನ್ಸನ್ ಗಾಳಿಯಲ್ಲೇ ಹಿಡಿದು, ಬುಟ್ಟಿಗೆ ಬೆನ್ನು ಮಾಡಿ, ಹಿಮ್ಮುಖವಾಗಿ ಡಂಕ್ ಮಾಡಿದ. ಕೋಚ್ ಜೊತೆಗಿನ ಆ ವಾಗ್ವಾದ ನಿಜವೋ ನಾಟಕವೋ ಎಂದು ಆಮೇಲೆ ದಿನಗಟ್ಟಲೆ ಚರ್ಚೆಯಾಯಿತು. ನನಗೆ ಆ ಚರ್ಚೆ ಅಷ್ಟು ಮುಖ್ಯವಲ್ಲ. ಆ ಪಾಸ್‌ನಲ್ಲಿ ಎತ್ತರದ ಅಗತ್ಯ ಎಲ್ಲಿತ್ತು ಎಂದು ನೋಡಿ: ಹಿಡಿಯುವವನಿಗೆ ಇತ್ತು, ಕೊಡುವವನಿಗೆ ಇರಲಿಲ್ಲ.

ಕೊನೆಯ ಕ್ಷಣಗಳಲ್ಲಿ ಮಸೂದ್ ಒಂದು ಎಸೆತ ಹಾಕಿ ಮುನ್ನಡೆ ಹೆಚ್ಚಿಸಿದ, ನೊವೆಲ್ ಎದುರಾಳಿಯ ಕೈಯಿಂದ ಚೆಂಡು ಕಿತ್ತುಕೊಂಡು ಓಡಿ ಲೇ-ಅಪ್ ಹಾಕಿದ. ಕಾನ್ಸಾಸ್ ಸ್ಟೇಟ್ 98, ಮಿಷಿಗನ್ ಸ್ಟೇಟ್ 93. ನೊವೆಲ್‌ನ ಲೆಕ್ಕ: 20 ಅಂಕ, 19 ಅಸಿಸ್ಟ್, ಅಂದರೆ ಗೆಳೆಯರ ಬುಟ್ಟಿಗೆ ದಾರಿಯಾದ ಪಾಸ್‌ಗಳು, 5 ಸ್ಟೀಲ್, ಅಂದರೆ ಎದುರಾಳಿಯಿಂದ ಕಸಿದ ಚೆಂಡುಗಳು. ರಾಷ್ಟ್ರೀಯ ಟೂರ್ನಿಯ ಒಂದೇ ಪಂದ್ಯದಲ್ಲಿ 19 ಅಸಿಸ್ಟ್ ಹೊಸ ದಾಖಲೆ. 1987ರಲ್ಲಿ ನೆವಾಡಾ–ಲಾಸ್ ವೇಗಸ್ ವಿಶ್ವವಿದ್ಯಾಲಯದ ಮಾರ್ಕ್ ವೇಡ್ ಮಾಡಿದ್ದ 18 ಅಲ್ಲಿಯವರೆಗೆ ಮುರಿಯದೆ ಉಳಿದಿತ್ತು.

ಸರಿ, ಮೂರು ತಿಂಗಳು ಕಳೆದ ಮೇಲೆ ಎನ್‌ಬಿಎ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮ, ನಡೆಯಿತು. ಆ ವರ್ಷ 58 ಹೆಸರುಗಳನ್ನು ಕೂಗಿದರು. 50ನೆಯ ಹೆಸರು ಕಿಯಾಂಟೇ ಜಾನ್ಸನ್‌ನದು, ಅಂದರೆ ಆ ಚೆಂಡನ್ನು ಹಿಡಿದವನದು. ಎಸೆದವನ ಹೆಸರು ಕೊನೆಯವರೆಗೂ ಬರಲಿಲ್ಲ. ದೇಶದ ಅತ್ಯುತ್ತಮ ಕಾಲೇಜು ಪಾಯಿಂಟ್ ಗಾರ್ಡ್‌ಗೆ ಕೊಡುವ ಬಾಬ್ ಕೂಸಿ ಪ್ರಶಸ್ತಿ ಆ ವರ್ಷ ಸಿಕ್ಕಿದ್ದು ಇದೇ ನೊವೆಲ್‌ಗೆ ಎನ್ನುವುದನ್ನೂ ಸೇರಿಸಿಕೊಂಡು ಯೋಚಿಸಿ. ಡ್ರಾಫ್ಟ್ ಮುಗಿದ ಮೇಲೆ ಟೊರೊಂಟೊ ರ್‍ಯಾಪ್ಟರ್ಸ್ ತಂಡ ಅವನಿಗೆ ಅರ್ಧ ಎನ್‌ಬಿಎ, ಅರ್ಧ ಕಿರಿಯ ಲೀಗು ಎನ್ನುವಂಥ ಒಪ್ಪಂದ ಕೊಟ್ಟಿತು, ಆ ವರ್ಷ ಅವನು ಹೆಚ್ಚಾಗಿ ಆಡಿದ್ದು ಕಿರಿಯ ಲೀಗಿನಲ್ಲಿಯೇ.

ಆಯ್ಕೆಗಾರರಿಗೆ ಕಣ್ಣಿಲ್ಲ ಎಂದು ಬೈದು ಬಿಡಬಹುದು. ಅದು ಸುಲಭದ ಮಾತು. ಎತ್ತರದ ಕೊರತೆ ಒಬ್ಬ ಆಟಗಾರನನ್ನು ಇಡಿಯಾಗಿ ಕುಗ್ಗಿಸುವುದಿಲ್ಲ, ಅವನು ಮಾಡುವ ಒಂದೊಂದು ಕೆಲಸವನ್ನು ಒಂದೊಂದು ಪ್ರಮಾಣದಲ್ಲಿ ತಟ್ಟುತ್ತದೆ. ಎದುರಾಳಿಗಳು ಇನ್ನೂ ಉದ್ದವಾದಾಗ, ಇನ್ನೂ ಚುರುಕಾದಾಗ ಯಾವ ಕೆಲಸ ಹಾಗೇ ಉಳಿಯುತ್ತದೆ, ಯಾವುದು ಸವೆಯುತ್ತದೆ ಎಂದು ಬಿಡಿಸಿ ನೋಡಬೇಕು. ಅಷ್ಟು ಮಾಡದೆ ಅವನನ್ನು ಹೊಗಳುವವನೂ ತಳ್ಳಿಹಾಕುವವನೂ ಒಂದೇ ಅವಸರದವರು.

ಮೊದಲು ಪಾಸ್. ಅಸಿಸ್ಟ್ ಎಂಬ ಅಂಕಿ ಅರ್ಧಸತ್ಯ, ಏಕೆಂದರೆ ಪಾಸ್ ಹಿಡಿದವನು ಚೆಂಡನ್ನು ಬುಟ್ಟಿಗೆ ಹಾಕಿದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಚಿನ್ನದಂಥ ಪಾಸ್ ಕೊಟ್ಟು ಗೆಳೆಯ ಹಾಳು ಮಾಡಿದರೆ ಸೊನ್ನೆ. ಹಾಗಾಗಿ ಕಣ್ಣಿನಿಂದ ನೋಡಬೇಕು. ಉದ್ದದ ಗಾರ್ಡ್ ಕಾವಲುಗಾರನ ತಲೆಯ ಮೇಲಿಂದ ಇಡೀ ಅಂಗಳ ನೋಡುತ್ತಾನೆ, ತಲೆಯ ಮೇಲಿಂದಲೇ ಕೊಡುತ್ತಾನೆ. ಗಿಡ್ಡನಿಗೆ ಆ ಕಿಟಕಿ ಇಲ್ಲ. ಅವನು ಬಗಲ ಕೆಳಗಿಂದ, ಕಾಲ ಪಕ್ಕದಿಂದ, ನೆಲಕ್ಕೆ ಪುಟ ಕೊಟ್ಟು ದಾಟಿಸಬೇಕು. ಇಬ್ಬರು ಬಂದು ಮುತ್ತಿದರೆ ಅವನಿಗೆ ಏನೂ ಕಾಣುವುದಿಲ್ಲ, ಆದ್ದರಿಂದ ಅವರು ಮುತ್ತುವ ಅರೆಗಳಿಗೆ ಮೊದಲೇ ಚೆಂಡು ಅವನ ಕೈ ಬಿಟ್ಟಿರಬೇಕು. ಆಯ್ಕೆಗಾರರು ಗಮನಿಸುವುದು ಆ ಅರೆಗಳಿಗೆಯನ್ನು. ಕಂಡ ಮೇಲೆ ಕೊಡುತ್ತಾನೋ, ಕಾಣುವ ಮೊದಲೇ ಊಹಿಸಿ ಕೊಡುತ್ತಾನೋ? ಗಾಳಿಗೆ ಹಾರಿ ಆಮೇಲೆ ದಾರಿ ಹುಡುಕುವ ಚಟವಿದೆಯೋ? ಆ ಚಟ ಇದ್ದವನು ದೊಡ್ಡವರ ಆಟದಲ್ಲಿ ಬಾಳುವುದಿಲ್ಲ. ನೊವೆಲ್ ಆ ಟೂರ್ನಿಯ ನಾಲ್ಕು ಪಂದ್ಯಗಳಲ್ಲಿ ಕ್ರಮವಾಗಿ 14, 9, 19, 12 ಅಸಿಸ್ಟ್ ಕೊಟ್ಟ. ಎದುರಾಳಿ ಬದಲಾದರೂ ಅಂಕಿ ಕುಸಿಯಲಿಲ್ಲ. ಚೆಂಡು ನೆಲದಿಂದ ಮೊಣಕಾಲ ಮಟ್ಟ ಮೀರಿ ಏಳದ ಅವನ ಡ್ರಿಬಲ್‌ಗೆ ಆರೂವರೆ ಅಡಿಯವನು ಬಗ್ಗಿ ಕೈ ಹಾಕುವುದು ಕಷ್ಟ. ಇಲ್ಲಿ ಗಿಡ್ಡತನವೇ ಲಾಭ. ಪಾಸ್ ಎಂಬ ಈ ಕೆಲಸದಲ್ಲಿ ನೊವೆಲ್‌ಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಎರಡನೆಯದು ಬುಟ್ಟಿಗೆ ಹಾಕುವ ಕೆಲಸ. ಇದನ್ನು ಮೂರಾಗಿ ಒಡೆಯಬೇಕು. ರಿಂಗಿನ ಹತ್ತಿರ ಏಳಡಿಯವನು ಕಾದು ನಿಂತಿರುವಲ್ಲಿ ಗಿಡ್ಡ ಗಾರ್ಡ್‌ನ ಲೇ-ಅಪ್ ಬಹಳ ಸಲ ಪ್ರೇಕ್ಷಕರ ಮಡಿಲಿಗೆ ಹೋಗಿ ಬೀಳುತ್ತದೆ. ಅದಕ್ಕೇ ಅವನು ಫ್ಲೋಟರ್ ಕಲಿಯುತ್ತಾನೆ. ರಿಂಗಿಗೆ ಎಂಟು ಹತ್ತು ಅಡಿ ದೂರದಲ್ಲೇ ಒಂದು ಕಾಲಿನ ಮೇಲೆ ಎದ್ದು, ಅಂಗೈಯಿಂದ ಮೃದುವಾಗಿ ತೂರಿ, ಏಳಡಿಯವನ ಬೆರಳಿಗಿಂತ ಮೇಲೆ ಹೋಗಿ ಕೆಳಗಿಳಿಯುವ ಎಸೆತ ಅದು. ಉಳಿದದ್ದು ದೂರದಿಂದ ಎಸೆಯುವ ಮೂರಂಕ. ನೊವೆಲ್ ಮೂರಂಕದ ಗೆರೆಗಿಂತ ಮಾರು ದೂರ ಹಿಂದೆ ನಿಂತೂ ಎಸೆಯುತ್ತಿದ್ದ. ಪ್ರೇಕ್ಷಕರಿಗೆ ಇದು ಹುಡುಗಾಟ ಅನ್ನಿಸಬಹುದು, ಆದರೆ ಅದರಲ್ಲೊಂದು ಲೆಕ್ಕವಿದೆ. ಅಲ್ಲಿಂದಲೂ ಹಾಕಬಲ್ಲ ಎಂದಾದರೆ ಕಾವಲುಗಾರ ಅಲ್ಲಿಯವರೆಗೂ ಬರಲೇಬೇಕು, ಬಂದರೆ ಅವನನ್ನು ದಾಟಿ ನುಗ್ಗಲು ಜಾಗ ಸಿಗುತ್ತದೆ. ಆದರೂ ಆ ಋತುವಿನಲ್ಲಿ ಅವನ ಒಟ್ಟು ಎಸೆತಗಳಲ್ಲಿ ಬುಟ್ಟಿ ಸೇರಿದ್ದು ನೂರಕ್ಕೆ ನಲವತ್ತರ ಆಸುಪಾಸು. ಇದು ಸಾಲದು. ಕಾಲೇಜಿನ ಕಾವಲುಗಾರರ ಎದುರೇ ಇಷ್ಟಾದರೆ ಮೇಲಿನ ಲೀಗಿನಲ್ಲಿ ಇದು ಇನ್ನೂ ಇಳಿಯುತ್ತದೆ ಎಂದು ಆಯ್ಕೆಗಾರರು ಲೆಕ್ಕ ಹಾಕಿದರೆ ಅವರನ್ನು ದೂರುವಂತಿಲ್ಲ. ಇನ್ನೊಂದು ಕಡೆ, ಯಾರೂ ಅಡ್ಡ ನಿಲ್ಲದ ಫ್ರೀ ಥ್ರೋನಲ್ಲಿ ಹತ್ತಕ್ಕೆ ಸುಮಾರು ಒಂಬತ್ತನ್ನು ಹಾಕುತ್ತಿದ್ದ. ಕೈಯಲ್ಲಿ ಗುಣವಿದೆ, ಆಯ್ದುಕೊಳ್ಳುವ ಎಸೆತ ದುಬಾರಿ. ಹೀಗೆಂದು ಹೇಳುವುದು ಹೆಚ್ಚು ಸರಿ.

ಮೂರನೆಯದು, ಎಲ್ಲಕ್ಕಿಂತ ಕಠಿಣವಾದದ್ದು, ರಕ್ಷಣೆ. ಚೆಂಡು ಹಿಡಿದವನನ್ನು ಅಂಗಳದ ಉದ್ದಕ್ಕೂ, ಅಂದರೆ 94 ಅಡಿಯೂ, ಬೆನ್ನು ಹತ್ತಿ ಪೀಡಿಸುವುದರಲ್ಲಿ ಗಿಡ್ಡ ಗಾರ್ಡ್‌ಗಳು ಉದ್ದದವರಿಗಿಂತ ಮೇಲು. ನೊವೆಲ್ ಪಂದ್ಯಕ್ಕೆ ಎರಡಕ್ಕಿಂತ ಹೆಚ್ಚು ಸ್ಟೀಲ್ ಮಾಡುತ್ತಿದ್ದ. ಆದರೆ ಇಂದಿನ ಎನ್‌ಬಿಎಯಲ್ಲಿ ಎದುರಾಳಿ ಕೋಚ್ ಮಾಡುವ ಕೆಲಸ ಕೇಳಿ. ನಮ್ಮ ಗಿಡ್ಡನು ಯಾರನ್ನು ಕಾಯುತ್ತಿದ್ದಾನೋ ಅವನನ್ನೇ ಕರೆಸಿ, ತಮ್ಮ ಅತ್ಯಂತ ಬಲಶಾಲಿಗೆ ಸ್ಕ್ರೀನ್ ಹಾಕಿಸುತ್ತಾರೆ, ಅಂದರೆ ಅವನ ಕಾವಲುಗಾರನ ದಾರಿಗೆ ಅಡ್ಡ ನಿಲ್ಲಿಸುತ್ತಾರೆ. ಕಾವಲು ಅದಲುಬದಲಾಗುತ್ತದೆ. ಕಣ್ಣು ಮುಚ್ಚಿ ಬಿಡುವುದರೊಳಗೆ 5 ಅಡಿ 8 ಇಂಚಿನವನ ಎದುರು 6 ಅಡಿ 8 ಇಂಚಿನವನು ನಿಂತಿರುತ್ತಾನೆ. ಒಂದು ಸಲ ಅಲ್ಲ, ಪಂದ್ಯವಿಡೀ, ಅದರಲ್ಲೂ ಕೊನೆಯ ಐದು ನಿಮಿಷ ಪೂರ್ತಿ. ಧೈರ್ಯಕ್ಕೂ ಇದಕ್ಕೂ ಸಂಬಂಧವಿಲ್ಲ, ಅವನ ತಲೆಯ ಮೇಲಿಂದ ಎಸೆಯುವವನನ್ನು ಅವನು ಏನೂ ಮಾಡಲಾರ. ಕೊನೆಯ ಎಂಟರ ಪಂದ್ಯದಲ್ಲಿ ಫ್ಲೋರಿಡಾ ಅಟ್ಲಾಂಟಿಕ್ ತಂಡ ಕಾನ್ಸಾಸ್ ಸ್ಟೇಟನ್ನು 79-76ರಿಂದ ಸೋಲಿಸಿತು. ನೊವೆಲ್ 30 ಅಂಕ, 12 ಅಸಿಸ್ಟ್ ಮಾಡಿದರೂ ರೀಬೌಂಡ್‌ಗಳಲ್ಲಿ, ಅಂದರೆ ಬುಟ್ಟಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದರಲ್ಲಿ, ಅವನ ತಂಡ 44ಕ್ಕೆ 22ರಂತೆ ಹಿಂದುಳಿಯಿತು. ರೀಬೌಂಡ್ ಪಾಯಿಂಟ್ ಗಾರ್ಡ್‌ನೊಬ್ಬನ ಹೊಣೆಯಲ್ಲ, ನಿಜ. ಆದರೆ ಐವರಲ್ಲಿ ಒಬ್ಬ ಗಿಡ್ಡನಾದರೆ ಉಳಿದ ನಾಲ್ವರು ಅವನ ಪಾಲಿನದನ್ನೂ ಹೊರಬೇಕು. ಅದೇ ಪಂದ್ಯದ ಕೊನೆಯ ಸೆಕೆಂಡುಗಳಲ್ಲಿ ಅವನ ಮೇಲೆ ಇಬ್ಬರು ಬಿದ್ದರು, ಅವನು ಚೆಂಡನ್ನು ಮಸೂದ್‌ಗೆ ಕೊಟ್ಟ, ಎಸೆಯುವ ಮೊದಲೇ ಆಟ ಮುಗಿಯಿತು. ಕೊಟ್ಟದ್ದು ಸರಿಯೇ ಎಂದು ನಾನು ಹೇಳುತ್ತೇನೆ. ಇಬ್ಬರ ನಡುವೆ ಸಿಕ್ಕಿಕೊಂಡ ಗಿಡ್ಡನಿಗಿಂತ ಖಾಲಿ ನಿಂತ ಉದ್ದದ ಗೆಳೆಯನೇ ವಾಸಿ.

ವಯಸ್ಸನ್ನೂ ಮರೆಯಬಾರದು. ನೊವೆಲ್ ಹುಟ್ಟಿದ್ದು 1999ರ ಡಿಸೆಂಬರ್‌ನಲ್ಲಿ. ಆ ಟೂರ್ನಿ ಆಡುವಾಗ ಅವನಿಗೆ 23 ವರ್ಷ, ಕಾಲೇಜಿನಲ್ಲಿ ಐದನೆಯ ಋತು. ಎದುರಿಗೆ ನಿಂತವರಲ್ಲಿ ಹತ್ತೊಂಬತ್ತರ ಹುಡುಗರೂ ಇದ್ದರು. 19ರವನು ಮಾಡುವ ತಪ್ಪನ್ನು ತಿದ್ದಬಹುದು ಎಂದು ತಂಡಗಳು ಕಾಯುತ್ತವೆ, 23ರವನನ್ನು ಇದ್ದ ಹಾಗೇ ಕೊಳ್ಳಬೇಕು.

ಇನ್ನು ಹಳೆಯ ಸಾಕ್ಷಿಗಳು. ಗಿಡ್ಡ ಗಾರ್ಡ್ ಎಂದ ತಕ್ಷಣ ಎಲ್ಲರ ಬಾಯಲ್ಲಿ ಬರುವ ಹೆಸರು ಮಗ್ಸಿ ಬೋಗ್ಸ್. ಎತ್ತರ 5 ಅಡಿ 3 ಇಂಚು. ಬಾಲ್ಟಿಮೋರಿನ ಡನ್‌ಬಾರ್ ಹೈಸ್ಕೂಲಿನಿಂದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ 1987ರ ಡ್ರಾಫ್ಟ್‌ನಲ್ಲಿ 12ನೆಯವನಾಗಿ ವಾಷಿಂಗ್ಟನ್ ತಂಡಕ್ಕೆ. ಅಲ್ಲಿ ಅವನ ಜೊತೆಗಾರ 7 ಅಡಿ 7 ಇಂಚಿನ ಮನೂಟ್ ಬೋಲ್, ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ತೆಗೆದ ಚಿತ್ರ ಕ್ರೀಡಾ ಪತ್ರಿಕೆಗಳಲ್ಲಿ ಸುತ್ತದ ಊರಿಲ್ಲ. ಆ ಚಿತ್ರ ನೋಡಿ ನಕ್ಕವರು ಆಟ ನೋಡಲಿಲ್ಲ. ಬೋಗ್ಸ್ 14 ಋತು ಎನ್‌ಬಿಎಯಲ್ಲಿ ಬಾಳಿದ, 6,726 ಅಸಿಸ್ಟ್ ಕೊಟ್ಟ. ಅವನಿಂದ ಚೆಂಡು ಕಳೆದುಹೋಗುವುದು ಅಪರೂಪವಾಗಿತ್ತು. ಆದರೆ ಅವನ ಕಾಲದಲ್ಲಿ ಕಾವಲು ಅದಲುಬದಲು ಮಾಡುವ ಪದ್ಧತಿ ಇವತ್ತಿನಷ್ಟು ಇರಲಿಲ್ಲ, ಮೂರಂಕದ ಎಸೆತಕ್ಕೂ ಇವತ್ತಿನ ಬೆಲೆ ಇರಲಿಲ್ಲ. ಹಾಗಾಗಿ ಬೋಗ್ಸ್‌ನನ್ನು ತೋರಿಸಿ ನೊವೆಲ್‌ಗೆ ಜಾಗ ಕೇಳುವುದು ವಕೀಲಿಕೆ ಆದೀತು, ಮೌಲ್ಯಮಾಪನ ಆಗದು.

ಐಸಯ್ಯಾ ಥಾಮಸ್‌ನ ಕಥೆ ಇನ್ನೂ ಹತ್ತಿರದ್ದು. 5 ಅಡಿ 9 ಇಂಚು. 2011ರ ಡ್ರಾಫ್ಟ್‌ನಲ್ಲಿ 60 ಹೆಸರುಗಳಲ್ಲಿ 60ನೆಯದು ಅವನದು. ತನ್ನ ಆರನೆಯ ಋತುವಿನಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಪರವಾಗಿ ಪಂದ್ಯಕ್ಕೆ 28.9 ಅಂಕಗಳ ಸರಾಸರಿ. ಆಮೇಲೆ ಸೊಂಟದ ಕೀಲಿಗೆ ಪೆಟ್ಟಾಯಿತು. ಮೊದಲ ಹೆಜ್ಜೆಯ ಮಿಂಚು ಸ್ವಲ್ಪ ಮಂಕಾದದ್ದೇ ತಡ, ಅವನು ಆ ಮಟ್ಟಕ್ಕೆ ಮತ್ತೆ ಏರಲಿಲ್ಲ. ಉದ್ದದ ಆಟಗಾರ ವೇಗ ಕಳೆದುಕೊಂಡರೂ ಎತ್ತರ ಉಳಿದಿರುತ್ತದೆ. ಗಿಡ್ಡನಿಗೆ ಕೈಯಲ್ಲಿ ಉಳಿತಾಯವೇ ಇಲ್ಲ. ತಂಡಗಳು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ, ಕ್ರೂರವೆನಿಸಿದರೂ ನ್ಯಾಯವಾದ ಕಾರಣ.

ಆಯ್ಕೆಗಾರರು ನಿಜಕ್ಕೂ ಎಡವಿದ್ದು ಜೇಲನ್ ಬ್ರನ್ಸನ್ ವಿಷಯದಲ್ಲಿ. ಪಟ್ಟಿಯಲ್ಲಿ 6 ಅಡಿ 2 ಇಂಚು, ಹಾರಾಟವೂ ಸಾಧಾರಣ, ಓಟವೂ ಸಾಧಾರಣ. ವಿಲನೋವಾ ವಿಶ್ವವಿದ್ಯಾಲಯದ ಪರ 2016 ಮತ್ತು 2018ರಲ್ಲಿ ಎರಡು ರಾಷ್ಟ್ರೀಯ ಪ್ರಶಸ್ತಿ ಗೆದ್ದ, 2018ರಲ್ಲಿ ವರ್ಷದ ಅತ್ಯುತ್ತಮ ಕಾಲೇಜು ಆಟಗಾರ ಎನಿಸಿಕೊಂಡ. ಆದರೂ ಡ್ರಾಫ್ಟ್‌ನಲ್ಲಿ 33ನೆಯ ಜಾಗ. ಅವನಲ್ಲಿ ಇದ್ದದ್ದು ಏನೆಂದರೆ ಗಟ್ಟಿ ಸೊಂಟ, ಅಗಲ ಭುಜ, ಎರಡು ಕಾಲೂರಿ ಥಟ್ಟನೆ ನಿಲ್ಲುವ ಅಭ್ಯಾಸ, ನಿಂತಲ್ಲೇ ಪಾದ ತಿರುಗಿಸುತ್ತ ಕಾವಲುಗಾರ ಹಾರುವವರೆಗೆ ಕಾಯುವ ತಾಳ್ಮೆ. ಇವೆಲ್ಲ ಕಾಲೇಜಿನ ಪಂದ್ಯಗಳಲ್ಲೇ ಕಣ್ಣಿಗೆ ಕಾಣುವಂತಿದ್ದವು. ಎದುರಾಳಿ ಎಷ್ಟೇ ಉದ್ದವಾಗಲಿ, ಈ ಗುಣಗಳು ಸವೆಯುವಂಥವಲ್ಲ. ಇವತ್ತು ಅವನು ನ್ಯೂಯಾರ್ಕ್ ನಿಕ್ಸ್ ತಂಡದ ನಾಯಕ, ನೊವೆಲ್ 19 ಅಸಿಸ್ಟ್ ಕೊಟ್ಟ ಅದೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಅವನ ತವರು ಅಂಗಳ.

ಬ್ರನ್ಸನ್‌ನನ್ನು 33ನೆಯವನಾಗಿ ಆರಿಸಿದ ತಂಡ ಡಲ್ಲಾಸ್ ಮ್ಯಾವರಿಕ್ಸ್. ಅದಕ್ಕೆ ಮೂರು ವರ್ಷ ಮೊದಲು, 2015ರಲ್ಲಿ, ಅದೇ ಡಲ್ಲಾಸ್ 52ನೆಯ ಆಯ್ಕೆಯಾಗಿ ಪಂಜಾಬಿನ ಬಲ್ಲೋ ಕೆ ಹಳ್ಳಿಯ ಸತ್ನಾಮ್ ಸಿಂಗ್‌ನನ್ನು ಕರೆದುಕೊಂಡಿತ್ತು. 7 ಅಡಿ 2 ಇಂಚು. ಎನ್‌ಬಿಎಗೆ ಆಯ್ಕೆಯಾದ ಮೊದಲ ಭಾರತೀಯ ಅವನು. ನಾವೆಲ್ಲ ಹೆಮ್ಮೆಪಟ್ಟೆವು, ಪಡಬೇಕಾದದ್ದೇ. ಆದರೆ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡುವ ಅವಕಾಶ ಅವನಿಗೆ ಬರಲಿಲ್ಲ. ಆ ಹುಡುಗನ ಶ್ರಮವನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಎತ್ತರ ಬಾಗಿಲವರೆಗೆ ಕರೆದೊಯ್ಯುತ್ತದೆ, ಒಳಗೆ ಹೋದ ಮೇಲೆ ಮಾಡಬೇಕಾದ ಕೆಲಸ ಬೇರೆ.

ಹಾಗಾದರೆ ನೊವೆಲ್ ಬಗ್ಗೆ ನನ್ನ ತೀರ್ಪು ಏನು? ಪಾಸ್‌ನಲ್ಲಿ ಮೊದಲ ದರ್ಜೆ, ಯಾವ ಲೀಗಿನಲ್ಲೂ ನಿಲ್ಲುವಂಥದು. ಎಸೆತದಲ್ಲಿ ಕೈ ಒಳ್ಳೆಯದು, ವಿವೇಚನೆ ಸಾಲದು. ರಕ್ಷಣೆಯಲ್ಲಿ ಕಾಲೇಜಿಗೆ ವರ, ಎನ್‌ಬಿಎಗೆ ಹೊರೆ. ಅವನನ್ನು ಆರಿಸದೆ ಬಿಟ್ಟವರು ದಡ್ಡರಲ್ಲ. ಆದರೆ ಕೊನೆಯ ಸ್ಥಾನಕ್ಕೆಂದು ಎಣಿಸಿದ್ದ ತಂಡವನ್ನು ಕೊನೆಯ ಎಂಟಕ್ಕೆ ಒಯ್ದವನನ್ನು ಎನ್‌ಬಿಎ ಬೇಡವೆಂದಿತು ಎಂಬ ಒಂದೇ ಕಾರಣಕ್ಕೆ ಅರೆಬೆಲೆಗೆ ಇಳಿಸುವುದೂ ತಪ್ಪು. ಕಾಲೇಜಿನಲ್ಲಿ ಆಡುವ ಬಹುಪಾಲು ಹುಡುಗರು ಎನ್‌ಬಿಎಯ ಹತ್ತಿರವೂ ಸುಳಿಯುವುದಿಲ್ಲ. ಕಾಲೇಜಿನ ಆಟಗಾರನನ್ನು ಮೊದಲು ಕಾಲೇಜಿನ ಆಟಕ್ಕೇ ತೂಗಬೇಕು, ಆ ತಕ್ಕಡಿಯಲ್ಲಿ 2023ರಲ್ಲಿ ಅವನಿಗೆ ಸಮನಾದ ಪಾಯಿಂಟ್ ಗಾರ್ಡ್ ಯಾರೂ ಇರಲಿಲ್ಲ.

ಕೊನೆಯದಾಗಿ, ಈ ಮಾತು ಕೇಳುತ್ತಿರುವ ನಮ್ಮ ಶಾಲೆ ಕಾಲೇಜುಗಳ ದೈಹಿಕ ಶಿಕ್ಷಕರಿಗೆ, ಕ್ರೀಡಾ ವಸತಿ ನಿಲಯಗಳಿಗೆ ಮಕ್ಕಳನ್ನು ಆರಿಸುವವರಿಗೆ ಒಂದು ವಿನಂತಿ. ಆಯ್ಕೆಯ ದಿನ ಗೋಡೆಗೆ ನಿಲ್ಲಿಸಿ ಎತ್ತರ ಗುರುತು ಮಾಡುವ ಕೆಲಸವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಬೆಳಿಗ್ಗೆ ಎಲ್ಲರನ್ನೂ ಆಡಿಸಿ. ಇಬ್ಬರು ಮುತ್ತಿದಾಗ ಚೆಂಡನ್ನು ಮೊದಲೇ ಕೊಡುವವರು ಯಾರು, ತಲೆ ಎತ್ತಿಕೊಂಡೇ ಡ್ರಿಬಲ್ ಮಾಡುವವರು ಯಾರು, ಎದುರಾಳಿ ಚೆಂಡು ತರುವಾಗ ಮಧ್ಯದ ಗೆರೆಗೂ ಮೊದಲೇ ಹೋಗಿ ಅಡ್ಡ ನಿಲ್ಲುವವರು ಯಾರು ಎಂದು ಹೆಸರು ಬರೆದುಕೊಳ್ಳಿ. ಟೇಪು ಆಮೇಲೆ ಹಿಡಿಯಿರಿ.